ಒಂದೇ ಬಗೆಯ ಅಡುಗೆಮನೆಗೆ ಒಂದು ಪುಸ್ತಕ

ಅಡುಗೆ ಪುಸ್ತಕ ಬರೆಯಲು ಹೊರಟವರು ಹೆಚ್ಚಾಗಿ ತಮಗೆ ಚೆನ್ನಾಗಿ ಬರುವ ಅಡುಗೆಗಳ ಪಟ್ಟಿ ಹಾಕಿಕೊಂಡು ಶುರು ಮಾಡುತ್ತಾರೆ. ನೆಂಟರಿಷ್ಟರಿಗೆ ಹಂಚುವ ಪುಸ್ತಕವಾದರೆ ಅದು ಸರಿಯೇ. ಆದರೆ ಪುಸ್ತಕದಿಂದ ಆದಾಯ ಬರಬೇಕು, ಅದೂ ಪ್ರಕಾಶಕರ ಹಂಗಿಲ್ಲದೆ ನಾವೇ ಅಚ್ಚು ಹಾಕಿಸಿ ನಾವೇ ಮಾರಬೇಕು ಎಂದಿದ್ದರೆ, ಆ ಪಟ್ಟಿಗಿಂತ ಮೊದಲು ಕೊಳ್ಳುವವರ ಮುಖ ಕಣ್ಣಮುಂದೆ ಬರಬೇಕು. ‘ಸುಲಭದ ನೂರು ಅಡುಗೆಗಳು’ ಎಂಬ ಥರದ ಪುಸ್ತಕ ಇಂಟರ್ನೆಟ್‌ನಲ್ಲಿ ಬಿಟ್ಟಿ ಸಿಗುವ ಲಕ್ಷಾಂತರ ವಿಡಿಯೊಗಳ ಎದುರು ನಿಲ್ಲಬೇಕಾಗುತ್ತದೆ. ಅಲ್ಲಿ ಗೆಲ್ಲುವುದು ಈಗಾಗಲೇ ಹೆಸರು ಮಾಡಿದವರು ಮಾತ್ರ.

ಕಟ್ಟುಪಾಡಿನೊಳಗೆ ಅಡುಗೆ ಮಾಡಲೇಬೇಕಾದವರ ವಿಷಯ ಬೇರೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಒಗ್ಗದ ಮಗುವಿಗೆ ದಿನಾ ಬ್ರೆಡ್ ಮಾಡಬೇಕಾದವರು, ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಲೆಕ್ಕ ಹಾಕುವವರು, ಒಂದೇ ಒಲೆ ಇರುವ ಬಾಡಿಗೆ ಕೋಣೆಯಲ್ಲಿ ಒಬ್ಬರಿಗಷ್ಟೇ ಬೇಯಿಸಿಕೊಳ್ಳುವವರು: ಇವರಿಗೆ ಪ್ರತಿದಿನವೂ ಅದೇ ಪ್ರಶ್ನೆ. ಎರಡು ಸಲ ಕೆಟ್ಟ ಅಡುಗೆಗೆ ಹಾಕಿದ ಸಾಮಾನಿನ ಖರ್ಚಿನಲ್ಲಿ ಒಂದು ಪುಸ್ತಕ ಬರುತ್ತದೆ ಎಂಬುದು ಅವರಿಗೆ ಗೊತ್ತು. ಹಾಗಾಗಿ ಬೆಲೆಯ ಬಗ್ಗೆ ಅವರು ಅಷ್ಟಾಗಿ ಚೌಕಾಸಿ ಮಾಡುವುದಿಲ್ಲ. ಅವರು ಕೇಳುವುದು ಒಂದೇ, ಇದರಲ್ಲಿ ಬರೆದದ್ದು ನಮ್ಮ ಮನೆಯಲ್ಲಿ ಆಗುತ್ತದೆಯೇ ಎಂದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಕಾಯಿಲೆಯಿಂದ ನುಂಗಲು ಕಷ್ಟವಾದವರಿಗೆ ಎಷ್ಟು ಮೆತ್ತಗಿನ ಊಟ ಕೊಡಬೇಕು ಎಂದು ಹೇಳುವ ಅಂತರರಾಷ್ಟ್ರೀಯ ಮಾನದಂಡವೊಂದಿದೆ. ಐಡಿಡಿಎಸ್‌ಐ ಎಂದು ಕರೆಯುವ ಅದರಲ್ಲಿ 0ಯಿಂದ 7ರವರೆಗೆ ಹಂತಗಳಿವೆ. 4ನೇ ಹಂತದ ಊಟ ಚಮಚೆಯಲ್ಲಿ ಆಕಾರ ಬಿಡದೆ ನಿಂತು, ಚಮಚೆ ಓರೆ ಮಾಡಿದಾಗ ಒಂದೇ ಮುದ್ದೆಯಾಗಿ ಜಾರಬೇಕು. 5ನೇ ಹಂತದಲ್ಲಿ ದೊಡ್ಡವರಿಗೆ ತುಣುಕಿನ ಅಗಲ 4 ಮಿ.ಮೀ. ಮೀರಬಾರದು, ಅಂದರೆ ಸಾಮಾನ್ಯ ಫೋರ್ಕಿನ ಹಲ್ಲುಗಳ ನಡುವಿನ ಸಂದಿನಷ್ಟು. 6ನೇ ಹಂತದಲ್ಲಿ 15 ಮಿ.ಮೀ. ತನಕ ಆಗಬಹುದು, ಆದರೆ ಫೋರ್ಕಿನಿಂದ ಒತ್ತಿದಾಗ ನಜ್ಜಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರಬಾರದು. ಆಸ್ಪತ್ರೆಯಿಂದ ಮನೆಗೆ ಬಂದವರ ಕೈಯಲ್ಲಿ ‘5ನೇ ಹಂತ’ ಎಂದು ಬರೆದ ಚೀಟಿ ಇರುತ್ತದೆ. ಇವತ್ತು ರಾತ್ರಿ ಏನು ಮಾಡಲಿ ಎಂಬುದಕ್ಕೆ ಮಾತ್ರ ಆ ಚೀಟಿಯಲ್ಲಿ ಉತ್ತರವಿಲ್ಲ. ಹಂತವಾರು ವಿಂಗಡಿಸಿದ, ಪ್ರತಿ ಅಡುಗೆಯ ಕೊನೆಯಲ್ಲಿ ಫೋರ್ಕ್ ಪರೀಕ್ಷೆ ಹೇಗೆ ಮಾಡಬೇಕೆಂದು ತಿಳಿಸುವ 60 ಅಡುಗೆಗಳ ಪುಸ್ತಕವನ್ನು ಅವರು ಹುಡುಕಿಕೊಂಡೇ ಬರುತ್ತಾರೆ. ಇಂಥ ಪುಸ್ತಕದ ಹಸ್ತಪ್ರತಿಯನ್ನು, ಮಾತಿನ ಜೊತೆ ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಮತ್ತು ಡಯಟೀಶಿಯನ್ ಇಬ್ಬರಿಂದಲೂ ಓದಿಸದೆ ಅಚ್ಚಿಗೆ ಕಳಿಸಬಾರದು. ಅವರ ಶುಲ್ಕವನ್ನು ಮೊದಲೇ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. ಕಾಯಿಲೆ ಗುಣವಾಗುತ್ತದೆ ಎಂಬ ಧ್ವನಿ ರಕ್ಷಾಪುಟದಲ್ಲೂ ಬೇಡ, ಜಾಹೀರಾತಿನಲ್ಲೂ ಬೇಡ.

ವಿಷಯ ಆಯ್ದುಕೊಂಡ ಮೇಲೆ ಅದಕ್ಕೆ ಗಿರಾಕಿ ಇದೆಯೇ ಎಂದು ನೋಡಲು ದುಡ್ಡು ಬೇಕಿಲ್ಲ. ಪುಸ್ತಕ ಮಾರುವ ಜಾಲತಾಣದ ಹುಡುಕು ಪಟ್ಟಿಯಲ್ಲಿ ಮೊದಲ ಎರಡು ಪದ ಟೈಪ್ ಮಾಡಿ, ಅದು ತಾನಾಗಿ ಏನನ್ನು ಪೂರ್ತಿ ಮಾಡುತ್ತದೆ ನೋಡಿ. ಅದೇ ವಿಷಯದ ಪುಸ್ತಕಗಳಿಗೆ ಎರಡು, ಮೂರು ನಕ್ಷತ್ರ ಕೊಟ್ಟವರ ವಿಮರ್ಶೆಗಳನ್ನು ತಾಳ್ಮೆಯಿಂದ ಓದಿ. ಐದು ನಕ್ಷತ್ರದ ಹೊಗಳಿಕೆಗಿಂತ ಅವು ಎಷ್ಟೋ ಉಪಯುಕ್ತ. ‘ಸಾಮಗ್ರಿ ಎಲ್ಲೂ ಸಿಗಲ್ಲ’, ‘ಎಲ್ಲ ಆರು ಜನಕ್ಕೆ, ನಾವಿರುವುದು ಇಬ್ಬರು’, ‘ಗ್ರಾಂ ಲೆಕ್ಕ ಕೊಟ್ಟಿಲ್ಲ’ ಎಂಬ ದೂರುಗಳೇ ನಿಮ್ಮ ಪುಸ್ತಕದ ನಕಾಶೆ. ಇನ್ನೊಂದು ಮಾತು: ಆ ಓದುಗರು ಒಟ್ಟಾಗಿ ಸೇರುವ ಜಾಗ ಒಂದಾದರೂ ಇರಬೇಕು. ರೋಗಿಗಳ ಸಹಾಯ ಸಂಘ, ಕ್ಲಿನಿಕ್, ಒಂದು ಬಗೆಯ ಪಾತ್ರೆ ಅಥವಾ ಯಂತ್ರ ಕೊಂಡವರ ಬಳಗ, ಏನಾದರೂ ಸರಿ. ಚದುರಿಹೋದ ಓದುಗರನ್ನು ಒಬ್ಬೊಬ್ಬರಾಗಿ ಜಾಹೀರಾತು ಕೊಟ್ಟು ಹುಡುಕುವಷ್ಟು ಲಾಭ ಒಂದು ಪುಸ್ತಕದಲ್ಲಿ ಇರುವುದಿಲ್ಲ.

ಇನ್ನು ಅಡುಗೆ ಬರೆಯುವ ಕೆಲಸ. ಸ್ವಂತ ಪ್ರಕಟಣೆಯ ಪುಸ್ತಕಗಳು ಸೋಲುವುದು ಬಹುಪಾಲು ಇಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಣವೆಲ್ಲ ಫೋಟೊಗೆ ಹೋಗಿರುತ್ತದೆ, ಅಳತೆ ಮಾತ್ರ ಅಂದಾಜಿನಲ್ಲೇ ಉಳಿದಿರುತ್ತದೆ. ಒಂದು ಕಪ್ ಮೈದಾ ಎಂದರೆ ಚಮಚೆಯಲ್ಲಿ ತುಂಬಿದರೆ ಸುಮಾರು 120 ಗ್ರಾಂ, ಕಪ್ಪನ್ನೇ ಹಿಟ್ಟಿನೊಳಗೆ ಅದ್ದಿ ಎತ್ತಿದರೆ 150 ಗ್ರಾಂ. ಕಾಲು ಭಾಗ ಹಿಟ್ಟು ಹೆಚ್ಚಾದರೆ ಕೇಕು ಒಣಗಿ ಬಿರುಕು ಬಿಡುತ್ತದೆ, ಓದುಗರು ಬೈಯುವುದು ಪುಸ್ತಕವನ್ನು. ನುಣ್ಣನೆಯ ಉಪ್ಪು ಒಂದು ಟೀ ಚಮಚೆಗೆ ಸುಮಾರು 6 ಗ್ರಾಂ ತೂಗಿದರೆ, ಹಗುರವಾದ ಹರಳುಪ್ಪು ಅದರ ಅರ್ಧದಷ್ಟೇ ಬರಬಹುದು. ಟೇಬಲ್ ಚಮಚೆ ಹೆಚ್ಚಿನ ಕಡೆ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ 20 ಮಿ.ಲೀ. ಪುಸ್ತಕ ಆನ್‌ಲೈನಿನಲ್ಲಿ ಮಾರಾಟವಾಗುತ್ತದೆ ಎಂದ ಮೇಲೆ ಯಾವ ಚಮಚೆಯವರು ಕೊಳ್ಳುತ್ತಾರೋ ಹೇಳಲಾಗದು. ಆದ್ದರಿಂದ ಗಟ್ಟಿ ಪದಾರ್ಥಗಳನ್ನೆಲ್ಲ ಗ್ರಾಂನಲ್ಲೇ ಬರೆದು, ಕಪ್ ಚಮಚೆಗಳನ್ನು ಪಕ್ಕದಲ್ಲಿ ಕೊಡುವುದು ಒಳ್ಳೆಯದು.

ಕೇಕು ಬೇಯಿಸುವ ತಟ್ಟೆಯ ಅಳತೆಯನ್ನೂ ಹೀಗೆಯೇ ಮರೆಯುತ್ತಾರೆ. 20 ಸೆಂ.ಮೀ. ದುಂಡು ತಟ್ಟೆಯ ಬದಲು 23 ಸೆಂ.ಮೀ. ತಟ್ಟೆ ಬಳಸಿದರೆ ವ್ಯತ್ಯಾಸ ಮೂರೇ ಸೆಂಟಿಮೀಟರ್ ಅನಿಸುತ್ತದೆ. ವಿಸ್ತೀರ್ಣದಲ್ಲಿ ಅದು ಸುಮಾರು ಮೂರನೆಯ ಒಂದು ಭಾಗ ಹೆಚ್ಚು. ಹಿಟ್ಟು ತೆಳುವಾಗಿ ಹರಡುತ್ತದೆ, ಹೇಳಿದ ಸಮಯಕ್ಕೆ ಮೊದಲೇ ಅಂಚು ಸೀದಿರುತ್ತದೆ. ಫ್ಯಾನ್ ಇರುವ ಓವನ್ನಿಗೆ ಸಾಮಾನ್ಯವಾಗಿ 20 ಡಿಗ್ರಿ ಕಡಿಮೆ ಇಡಬೇಕು ಎಂಬುದನ್ನೂ ಹೇಳಬೇಕು. ‘ಚೆನ್ನಾಗಿ ಬೇಯುವ ತನಕ ಇಡಿ’ ಎಂಬ ಸಾಲನ್ನು ಹೀಗೆ ತಿದ್ದಬಹುದು: ‘20 ಸೆಂ.ಮೀ. ದುಂಡು ತಟ್ಟೆ, 180 ಡಿಗ್ರಿ ಸೆಲ್ಸಿಯಸ್, ಫ್ಯಾನ್ ಇದ್ದರೆ 160, 30 ನಿಮಿಷ. ಅಂಚು ತಟ್ಟೆಯಿಂದ ಬಿಟ್ಟಿರಬೇಕು, ನಡುಭಾಗ ಬೆರಳಿನಿಂದ ಒತ್ತಿದರೆ ಮೇಲೆದ್ದು ಬರಬೇಕು.’ ಗಡಿಯಾರ ಒಂದು, ಕಣ್ಣಿಗೋ ಕೈಗೋ ತಿಳಿಯುವ ಗುರುತು ಒಂದು, ಎರಡೂ ಇರಲಿ. ಓವನ್ ತಪ್ಪು ತೋರಿಸಿದರೂ ಗುರುತು ಕೈಹಿಡಿಯುತ್ತದೆ.

ಪ್ರತಿ ಅಡುಗೆಯನ್ನೂ ಕನಿಷ್ಠ ಮೂರು ಜನ, ಬೇರೆ ಬೇರೆ ಮನೆಗಳಲ್ಲಿ, ನಿಮ್ಮ ಸಹಾಯವಿಲ್ಲದೆ ಮಾಡಿ ನೋಡಬೇಕು. ಫೋನಿನಲ್ಲಿ ಒಂದು ಮಾತು ಹೇಳಿಕೊಟ್ಟರೂ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಏಕೆಂದರೆ ಕೊಂಡವರಿಗೆ ಆ ಮಾತು ಕೇಳಿಸುವುದಿಲ್ಲ. ಅವರಿಗೊಂದು ಚಿಕ್ಕ ನಮೂನೆ ಕೊಡಿ: ಯಾವ ಸಾಲನ್ನು ಎರಡು ಸಲ ಓದಬೇಕಾಯಿತು, ಯಾವ ಸಾಮಗ್ರಿ ಬದಲಿಸಿದಿರಿ, ಶುರುವಿನಿಂದ ಊಟದ ತಟ್ಟೆಗೆ ಬರುವ ತನಕ ಎಷ್ಟು ಹೊತ್ತಾಯಿತು, ಮತ್ತೆ ಮಾಡುತ್ತೀರಾ. ಕೊನೆಯ ಪ್ರಶ್ನೆಗೆ ‘ನೋಡೋಣ’ ಎಂಬ ಉತ್ತರ ಎರಡು ಕಡೆಯಿಂದ ಬಂದರೆ ಆ ಅಡುಗೆಯನ್ನು ತೆಗೆದುಹಾಕುವುದೇ ಸರಿ. ಹೀಗೆ 80 ಬರೆದು 60 ಉಳಿಸಿಕೊಂಡ ಪುಸ್ತಕ 120 ತುಂಬಿಸಿದ್ದಕ್ಕಿಂತ ಚೆನ್ನಾಗಿ ಬಾಳುತ್ತದೆ.

ಡಬ್ಬಿ ತುಂಬಿಡುವ, ಬಾಟಲಿಯಲ್ಲಿ ಕೆಡದಂತೆ ಇಡುವ ಅಡುಗೆಗಳಿದ್ದರೆ ಅಂದಾಜಿಗೆ ಜಾಗವೇ ಇಲ್ಲ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಟ್ಟರೆ ಬೊಟುಲಿನಂ ವಿಷ ಉಂಟಾಗಬಹುದು. ಆಮ್ಲೀಯತೆಯ ಅಳತೆ, ಅಂದರೆ ಪಿಎಚ್, 4.6ಕ್ಕಿಂತ ಹೆಚ್ಚಿರುವ (ಅಂದರೆ ಹುಳಿ ಕಡಿಮೆ ಇರುವ) ಆಹಾರವನ್ನು ಗಾಳಿಯಾಡದ ಬಾಟಲಿಯಲ್ಲಿ ತುಂಬಿ ಹೊರಗಿಡಬೇಕಾದರೆ ಕುದಿಯುವ ನೀರಿನ ಬಿಸಿ ಸಾಲದು. ಆ ವಿಷವನ್ನು ಉಂಟುಮಾಡುವ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿಯಲ್ಲೂ ಬದುಕಿ ಉಳಿಯುತ್ತವೆ, ಒತ್ತಡದ ಪಾತ್ರೆಯ ಬಿಸಿಯೇ ಬೇಕು. ಪರೀಕ್ಷಿತ ವಿಧಾನ ಕೈಯಲ್ಲಿಲ್ಲದಿದ್ದರೆ ಅಂಥ ಅಡುಗೆಯನ್ನು ಬಿಟ್ಟುಬಿಡಿ.

ಬೇರೆಯವರ ಅಡುಗೆಯಿಂದ ಪ್ರೇರಣೆ ಪಡೆಯಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರೀ ಸಾಮಗ್ರಿಗಳ ಪಟ್ಟಿಗೆ ಕಾಪಿರೈಟ್ ರಕ್ಷಣೆ ಇಲ್ಲ ಎಂಬುದು ಅಮೆರಿಕದ ಕಾಪಿರೈಟ್ ಕಚೇರಿಯ ನಿಲುವು. ಆದರೆ ವಿವರಣೆಯ ಮಾತುಗಳು, ಮುನ್ನುಡಿ, ಫೋಟೊ ಎಲ್ಲವೂ ಬರೆದವರ, ತೆಗೆದವರ ಸೊತ್ತು. ಕಾನೂನು ಏನೇ ಇರಲಿ, ಯಾರಿಂದ ಕಲಿತಿರಿ ಎಂದು ಒಂದು ಸಾಲು ಬರೆಯುವುದು ಮರ್ಯಾದೆ.

ಪುಟ ಕಟ್ಟುವಾಗ ಒದ್ದೆ ಕೈ ನೆನಪಿರಲಿ. ಒಂದು ಅಡುಗೆ ಎದುರುಬದುರು ಪುಟಗಳಲ್ಲೇ ಮುಗಿಯಬೇಕು, ನಡುವೆ ಪುಟ ತಿರುಗಿಸುವಂತಿರಬಾರದು. ಸಾಮಗ್ರಿಗಳು ಬಳಸುವ ಕ್ರಮದಲ್ಲೇ ಬರಬೇಕು. ಬೆನ್ನಿಗೆ ಗೋಂದು ಹಾಕಿದ ಬೈಂಡಿಂಗ್ ಅಡುಗೆಮನೆಯಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೊಲಿಗೆ ಹಾಕಿದ್ದು ಅಥವಾ ತಂತಿ ಸುರುಳಿಯದ್ದು ಚಪ್ಪಟೆಯಾಗಿ ತೆರೆದೇ ಇರುತ್ತದೆ. ಲೇಖಕರೇ ಪುಸ್ತಕ ಪ್ರಕಟಿಸಿ ಮಾರಲು ಅಮೆಜಾನ್ ನಡೆಸುವ ಕೆಡಿಪಿ ಸೇವೆಯಲ್ಲಿ ಸುರುಳಿ ಬೈಂಡಿಂಗ್ ಇಲ್ಲ, ಅಂಥದೇ ಸೇವೆ ಕೊಡುವ ಲುಲು ಸಂಸ್ಥೆಯಲ್ಲಿ ಇದೆ. ಗೋಂದಿನದ್ದೇ ಗತಿ ಎಂದಾದರೆ ಒಳ ಅಂಚನ್ನು ಧಾರಾಳವಾಗಿ ಬಿಡಿ. 151ರಿಂದ 300 ಪುಟಗಳ ಪುಸ್ತಕಕ್ಕೆ ಕೆಡಿಪಿ ಕೇಳುವ ಕನಿಷ್ಠ ಒಳ ಅಂಚು 12.7 ಮಿ.ಮೀ., ನನ್ನ ಪ್ರಕಾರ 20 ಮಿ.ಮೀ.ಗೆ ಕಡಿಮೆ ಬೇಡ. ಇಲ್ಲದಿದ್ದರೆ ಗ್ರಾಂ ಅಂಕಿಗಳು ಬೆನ್ನಿನ ಸಂದಿಯಲ್ಲಿ ಹೂತುಹೋಗುತ್ತವೆ.

ಫೋಟೊಗಳಿಗೆ ಇಂಚಿಗೆ 300 ಚುಕ್ಕೆ ಬೇಕು. 8×10 ಇಂಚಿನ ಪುಟದ ತುಂಬ ಹರಡುವ ಚಿತ್ರಕ್ಕೆ, ಕತ್ತರಿಸಲು ಬಿಡುವ ಅಂಚೂ ಸೇರಿ, ಸುಮಾರು 2438×3075 ಪಿಕ್ಸೆಲ್. ಪರದೆಯ ಮೇಲೆ ಹೊಳೆಯುವ ಚಿತ್ರ ಕಾಗದದ ಮೇಲೆ ಕಪ್ಪಿಡುತ್ತದೆ, ಅದರಲ್ಲೂ ಕಂದು ಬಣ್ಣದ ಅಡುಗೆಗಳು ಕೆಸರಿನಂತೆ ಕಾಣುತ್ತವೆ. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಮರಳಿಸುತ್ತದೆ. ಒಂದು ಪ್ರೂಫ್ ಪ್ರತಿ, ಅಂದರೆ ಮಾರಾಟಕ್ಕೆ ಮುಂಚೆ ನೋಡುವ ಪರೀಕ್ಷಾ ಪ್ರತಿ, ತರಿಸಿ ಹಗಲು ಬೆಳಕಿನಲ್ಲಿ ನೋಡಿ, ನೆರಳಿನ ಭಾಗಗಳನ್ನು ತಿಳಿಮಾಡಿ, ಮತ್ತೊಂದು ಪ್ರೂಫ್ ತರಿಸದೆ ಮಾರಾಟಕ್ಕೆ ಬಿಡಬೇಡಿ. ಪ್ರತಿ ಅಡುಗೆಗೂ ಫೋಟೊ ಬೇಕೆಂದೇನಿಲ್ಲ. ಹದ ತಿಳಿಯಲು ಕಷ್ಟವಾದ ಕಡೆ ಒಂದು ಚಿತ್ರ ಹತ್ತು ಅಲಂಕಾರದ ಚಿತ್ರಗಳಿಗಿಂತ ಮೇಲು. ಹಣ ಉಳಿದರೆ ಅದನ್ನು ಪದಸೂಚಿಗೆ ಹಾಕಿ: ಸಾಮಗ್ರಿಯ ಹೆಸರಿನಲ್ಲಿ ಒಂದು ಸಲ, ಕಟ್ಟುಪಾಡಿನ ಹೆಸರಿನಲ್ಲಿ ಇನ್ನೊಂದು ಸಲ ಹುಡುಕುವಂತಿರಬೇಕು.

ಈಗ ದುಡ್ಡಿನ ಲೆಕ್ಕ. ಪುಸ್ತಕದ ಬೆಲೆ 100 ಎಂದುಕೊಳ್ಳಿ, ಯಾವ ನಾಣ್ಯವಾದರೂ ಸರಿ. ಬಣ್ಣದ ಪುಟಗಳಿರುವ ಪುಸ್ತಕವನ್ನು ಪ್ರಿಂಟ್ ಆನ್ ಡಿಮಾಂಡ್ ವ್ಯವಸ್ಥೆಯಲ್ಲಿ, ಅಂದರೆ ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕುವ ಕ್ರಮದಲ್ಲಿ, ಮಾಡಿಸಿದರೆ ಮುದ್ರಣಕ್ಕೇ 40 ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಕೆಡಿಪಿಯಲ್ಲಿ ರಾಯಲ್ಟಿ, ಅಂದರೆ ಮಾರಾಟದಲ್ಲಿ ಲೇಖಕರ ಪಾಲು, ಬೆಲೆಯ 60 ಶೇಕಡಾ, ಅದರಲ್ಲಿ ಮುದ್ರಣ ವೆಚ್ಚ ಕಳೆದು ಉಳಿದದ್ದು ನಿಮಗೆ. ಅಂದರೆ 20. (2025ರ ಜೂನ್‌ನಿಂದ, 9.99 ಡಾಲರಿಗಿಂತ ಕಡಿಮೆ ಬೆಲೆಯ ಪೇಪರ್‌ಬ್ಯಾಕ್‌ಗಳಿಗೆ ಇದು 50 ಶೇಕಡಾಕ್ಕೆ ಇಳಿದಿದೆ.) ಅದೇ ಪುಸ್ತಕವನ್ನು ಬೇರೆ ಅಂಗಡಿಗಳಿಗೂ ತಲುಪಿಸುವ ‘ಎಕ್ಸ್‌ಪ್ಯಾಂಡೆಡ್ ಡಿಸ್ಟ್ರಿಬ್ಯೂಷನ್’ ಆಯ್ಕೆಯಲ್ಲಿ ರಾಯಲ್ಟಿ 40 ಶೇಕಡಾ. 40ರಲ್ಲಿ 40 ಕಳೆದರೆ ಸೊನ್ನೆ. ಒಂದೇ ಒಂದು ಪುಟದಲ್ಲಿ ಬಣ್ಣವಿದ್ದರೂ ಇಡೀ ಪುಸ್ತಕಕ್ಕೆ ಬಣ್ಣದ ದರ ಬೀಳುತ್ತದೆ ಎಂಬುದು ಹಲವರಿಗೆ ಪ್ರೂಫ್ ಹಂತದಲ್ಲಷ್ಟೇ ತಿಳಿಯುತ್ತದೆ. ವಿಷಯ ಒಪ್ಪುವಂತಿದ್ದರೆ ಪೂರ್ತಿ ಕಪ್ಪುಬಿಳುಪಿನಲ್ಲಿ, ರೇಖಾಚಿತ್ರಗಳೊಂದಿಗೆ ತನ್ನಿ, ಲಾಭ ಎರಡು ಪಟ್ಟು ಹೆಚ್ಚಬಹುದು.

ಅದೇ ಪ್ರತಿಗಳನ್ನು ಲೇಖಕರಿಗೆ ಕೊಡುವ ಮುದ್ರಣ ವೆಚ್ಚದ ದರದಲ್ಲಿ ತರಿಸಿ ನೀವೇ ನೇರವಾಗಿ ಮಾರಿದರೆ, ಅಂಚೆಯನ್ನು ಕೊಳ್ಳುವವರೇ ಭರಿಸಿದಾಗ, ಪಾವತಿ ಶುಲ್ಕ ಮತ್ತು ಪ್ಯಾಕಿಂಗ್ ಕಳೆದು 55ರಷ್ಟು ಉಳಿಯಬಹುದು. ಹಸ್ತಪ್ರತಿಯ ಸಂಪಾದನೆ, ಪುಟವಿನ್ಯಾಸ, ಫೋಟೊ, ತಜ್ಞರ ಶುಲ್ಕ ಎಲ್ಲ ಸೇರಿ ಮೊದಲೇ ಮಾಡಿದ ಖರ್ಚು 6000 ಆಗಿದ್ದರೆ, ಜಾಲತಾಣದ ಮೂಲಕ ಅದು ವಾಪಸು ಬರಲು 300 ಪ್ರತಿ ಮಾರಾಟವಾಗಬೇಕು. ನೇರ ಮಾರಾಟದಲ್ಲಿ 110 ಸಾಕು. ನಿರ್ದಿಷ್ಟ ಓದುಗರ ಪುಸ್ತಕಕ್ಕೆ ನೇರ ಮಾರಾಟ ಯಾಕೆ ಜೀವಾಳ ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಆಫ್‌ಸೆಟ್‌ನಲ್ಲಿ, ಅಂದರೆ ಒಟ್ಟಿಗೆ ಹೆಚ್ಚು ಪ್ರತಿ ಅಚ್ಚು ಹಾಕುವ ದೊಡ್ಡ ಮುದ್ರಣಯಂತ್ರದಲ್ಲಿ, ಒಮ್ಮೆಗೇ ಸಾವಿರ ಪ್ರತಿ ಹಾಕಿಸಿದರೆ ಪ್ರತಿಯೊಂದರ ವೆಚ್ಚ ಗಣನೀಯವಾಗಿ ಇಳಿಯುತ್ತದೆ, ಕಾಗದ ಬೈಂಡಿಂಗ್ ನಿಮ್ಮ ಇಷ್ಟದ್ದು. ಆದರೆ ತೂಕ ನೋಡಿ: 8×10 ಇಂಚು, 200 ಪುಟ, ಅಂದರೆ 100 ಹಾಳೆ, 130 ಜಿಎಸ್‌ಎಂ (ಚದರ ಮೀಟರಿಗೆ 130 ಗ್ರಾಂ ತೂಗುವ) ಆರ್ಟ್ ಕಾಗದ, 300 ಜಿಎಸ್‌ಎಂ ಹೊದಿಕೆ, ಎಲ್ಲ ಸೇರಿ ಒಂದು ಪ್ರತಿ ಸುಮಾರು 700 ಗ್ರಾಂ. ಸಾವಿರ ಪ್ರತಿ ಎಂದರೆ 700 ಕಿಲೊ ಕಾಗದ ತೇವ ತಾಗದ ಕೋಣೆಯಲ್ಲಿ ಕೂರಬೇಕು. ಕಾಗದವನ್ನು 100 ಜಿಎಸ್‌ಎಂಗೆ ಇಳಿಸಿದರೆ ಪ್ರತಿ ಪುಸ್ತಕದಲ್ಲಿ 150 ಗ್ರಾಂ ಉಳಿಯುತ್ತದೆ. ಅಂಚೆ ದರ ತೂಕದ ಮೆಟ್ಟಿಲುಗಳ ಲೆಕ್ಕದಲ್ಲಿ ಏರುವುದರಿಂದ, ಕಾಗದ ಆರಿಸುವ ಮೊದಲೇ ಆ ಮೆಟ್ಟಿಲು ಎಲ್ಲಿದೆ ಎಂದು ವಿಚಾರಿಸಿ. ಮೊದಲ 200 ಪ್ರತಿ ಪ್ರಿಂಟ್ ಆನ್ ಡಿಮಾಂಡ್‌ನಲ್ಲಿ ಮಾರಾಟವಾಗಿ, ತಪ್ಪುಗಳೆಲ್ಲ ತಿದ್ದಿದ ಮೇಲೆ ಆಫ್‌ಸೆಟ್‌ಗೆ ಹೋಗುವುದು ನನಗೆ ಸರಿಕಾಣುವ ದಾರಿ.

ಇ-ಪುಸ್ತಕದಲ್ಲಿ ಮುದ್ರಣ ಖರ್ಚಿಲ್ಲ, ಆದರೆ ಅಡುಗೆ ಪುಸ್ತಕಕ್ಕೆ ಅಲ್ಲೊಂದು ಹೊಡೆತ ಕಾದಿರುತ್ತದೆ. ಅಮೆಜಾನಿನ ಇ-ಪುಸ್ತಕ ವ್ಯವಸ್ಥೆಯಾದ ಕಿಂಡಲ್‌ನ 70 ಶೇಕಡಾ ರಾಯಲ್ಟಿ ಅಮೆರಿಕದ ಮಳಿಗೆಯಲ್ಲಿ 2.99ರಿಂದ 9.99 ಡಾಲರ್ ಬೆಲೆಗೆ ಅನ್ವಯಿಸುತ್ತದೆ, ಮತ್ತು ಪ್ರತಿ ಎಂಬಿಗೆ 15 ಸೆಂಟ್ ‘ಡೆಲಿವರಿ’ ವೆಚ್ಚ ಕಳೆಯುತ್ತಾರೆ. ಫೋಟೊ ತುಂಬಿದ 20 ಎಂಬಿ ಫೈಲಿಗೆ 3 ಡಾಲರ್. ಬೆಲೆ 4.99 ಇದ್ದರೆ ಉಳಿದ 1.99ರಲ್ಲಿ 70 ಶೇಕಡಾ, ಅಂದರೆ 1.39. ಡೆಲಿವರಿ ವೆಚ್ಚವಿಲ್ಲದ 35 ಶೇಕಡಾ ಆಯ್ಕೆಯಲ್ಲೇ 1.75 ಸಿಗುತ್ತಿತ್ತು! ಚಿತ್ರಗಳನ್ನು ಕುಗ್ಗಿಸಿ ಫೈಲನ್ನು 6 ಎಂಬಿಗೆ ತಂದರೆ ಅದೇ ಬೆಲೆಗೆ 2.86 ಬರುತ್ತದೆ. ಅರ್ಧ ದಿನದ ಆ ಕೆಲಸ ವರ್ಷಗಟ್ಟಲೆ ಪ್ರತಿ ಮಾರಾಟದಲ್ಲೂ ಫಲ ಕೊಡುತ್ತದೆ.

ಮಾರಾಟದ ಕೆಲಸ ಪುಸ್ತಕ ಮುಗಿಯುವ ಮೊದಲೇ ಶುರುವಾಗಬೇಕು. ಪರೀಕ್ಷೆಗೆ ಒಪ್ಪಿದವರೇ ಮೊದಲ ಬಳಗ. ಆರು ಅಡುಗೆಗಳ ಪಿಡಿಎಫ್ ಉಚಿತವಾಗಿ ಕೊಟ್ಟು, ಪುಸ್ತಕ ಬಂದಾಗ ತಿಳಿಸಲು ಇಮೇಲ್ ವಿಳಾಸ ಕೇಳಿ. ಆ ಆರರಲ್ಲಿ ನಿಮ್ಮ ಅತ್ಯುತ್ತಮ ಅಡುಗೆಗಳೇ ಇರಲಿ, ಉಳಿದದ್ದನ್ನು ಬಿಟ್ಟಿ ಹಂಚುವ ಜಿಪುಣತನ ಓದುಗರಿಗೆ ಗೊತ್ತಾಗುತ್ತದೆ. ಶೀರ್ಷಿಕೆ ಕವಿತೆಯಂತಿದ್ದರೂ ಅಡ್ಡಿಯಿಲ್ಲ, ಉಪಶೀರ್ಷಿಕೆಯಲ್ಲಿ ಮಾತ್ರ ಜನ ಹುಡುಕುವ ಪದಗಳು ಇರುವ ಹಾಗೇ ಇರಬೇಕು. ಕೆಡಿಪಿಯಲ್ಲಿ ಹುಡುಕು ಪದಗಳಿಗೆ 7 ಚೌಕಗಳಿವೆ. ಶೀರ್ಷಿಕೆಯಲ್ಲಿ ಇರುವುದನ್ನೇ ಅಲ್ಲಿ ಮತ್ತೆ ಬರೆದು ವ್ಯರ್ಥ ಮಾಡಬೇಡಿ. ಇ-ಪುಸ್ತಕದ ಮಾದರಿಯಾಗಿ ಓದಲು ಸಿಗುವುದು ಮೊದಲ ಹತ್ತನೇ ಒಂದು ಭಾಗ. ಅದರಲ್ಲಿ ಅರ್ಪಣೆ, ಕೃತಜ್ಞತೆ, ಉದ್ದದ ಮುನ್ನುಡಿಯೇ ತುಂಬಿದ್ದರೆ ಒಂದೂ ಅಡುಗೆ ಕಾಣದೆ ಓದುಗರು ಹೊರಟುಹೋಗುತ್ತಾರೆ. ಕೃತಜ್ಞತೆಯನ್ನು ಕೊನೆಗೆ ಸಾಗಿಸಿ.

ಜಾಹೀರಾತಿಗೆ ಒಂದೇ ಸರಳ ತಕ್ಕಡಿ ಸಾಕು. ಪ್ರತಿ ಮಾರಾಟದಲ್ಲಿ 20 ಉಳಿಯುವಾಗ ಹತ್ತು ಕ್ಲಿಕ್ಕಿಗೆ ಒಬ್ಬರು ಕೊಂಡರೆ ಕ್ಲಿಕ್ಕಿಗೆ 2ಕ್ಕಿಂತ ಕಡಿಮೆ ತೆತ್ತರೆ ಮಾತ್ರ ಲಾಭ. ಇಪ್ಪತ್ತಕ್ಕೆ ಒಬ್ಬರಾದರೆ 1. ಎರಡು ವಾರ ನೋಡಿ ಲೆಕ್ಕ ಕೂಡದಿದ್ದರೆ ನಿಲ್ಲಿಸಿ, ಆ ಹಣದಲ್ಲಿ 15 ಪ್ರತಿ ತರಿಸಿ ಸರಿಯಾದ ಜನರಿಗೆ ಕಳಿಸಿ. ನುಂಗುವ ತೊಂದರೆಯ ಪುಸ್ತಕವನ್ನು ಒಬ್ಬ ಥೆರಪಿಸ್ಟ್ ತಮ್ಮ ಮೇಜಿನ ಮೇಲೆ ಇಟ್ಟುಕೊಂಡರೆ, ವಾರಕ್ಕೆ ನಾಲ್ಕು ಕುಟುಂಬಗಳ ಕಣ್ಣಿಗೆ ಬೀಳುತ್ತದೆ. ಬ್ಲೆಂಡರ್ ಮಾರುವವರು, ತರಬೇತಿ ನಡೆಸುವವರು 20 ಅಥವಾ 50 ಪ್ರತಿ ಒಟ್ಟಿಗೆ ಕೊಳ್ಳಬಹುದು. ಅವರಿಗೆ 40 ಶೇಕಡಾ ರಿಯಾಯಿತಿ ಕೊಟ್ಟರೂ, ಮೇಲಿನ ಲೆಕ್ಕದಲ್ಲಿ, ಜಾಲತಾಣದಷ್ಟೇ ಉಳಿಯುತ್ತದೆ, ಮರಳಿ ಬರುವ ಪ್ರತಿಗಳ ಭಯವೂ ಇಲ್ಲ. ಪುಸ್ತಕದಂಗಡಿಗಳ ಸಗಟು ಮಾರ್ಗದಲ್ಲಿ ಆ ಭಯ ಇದ್ದೇ ಇದೆ: 55 ಶೇಕಡಾ ತನಕ ಕಮಿಷನ್ ಬಿಟ್ಟು, ಮಾರಾಟವಾಗದ್ದನ್ನು ವಾಪಸು ಪಡೆಯುವ ಷರತ್ತಿಗೆ ಒಪ್ಪಿದರೆ, ಆರು ತಿಂಗಳ ನಂತರ ಹಳೆಯ ಮಾರಾಟವೇ ಸಾಲವಾಗಿ ಬರಬಹುದು. ಬಣ್ಣದ ಪುಸ್ತಕಕ್ಕೆ ನಾನು ಆ ದಾರಿ ಸೂಚಿಸುವುದಿಲ್ಲ.

ವಿಮರ್ಶೆಗಳನ್ನು ಹಣ ಕೊಟ್ಟು ಬರೆಸುವುದು, ಮನೆಯವರಿಂದ ಹಾಕಿಸುವುದು ಅಮೆಜಾನ್ ನಿಯಮಕ್ಕೆ ವಿರುದ್ಧ, ಖಾತೆಗೇ ಕುತ್ತು ಬರಬಹುದು. ಪುಸ್ತಕದ ಕೊನೆಯ ಪುಟದಲ್ಲಿ, ಮಾಡಿ ನೋಡಿದ ಮೇಲೆ ಒಂದೆರಡು ಸಾಲು ಬರೆಯಿರಿ ಎಂದು ಕೇಳುವುದು ಸಾಕು. ಅದೇ ಪುಟದಲ್ಲಿ ತಿದ್ದುಪಡಿಗಳು ಸಿಗುವ ಕೊಂಡಿಯನ್ನೂ ಕೊಡಿ. ಎಷ್ಟೇ ಪರೀಕ್ಷಿಸಿದರೂ ಒಂದು ‘ಟೀ’ ಚಮಚೆ ‘ಟೇಬಲ್’ ಚಮಚೆಯಾಗಿ ನುಸುಳಿರುತ್ತದೆ. ಗೊತ್ತಾದ ದಿನವೇ ಫೈಲ್ ತಿದ್ದಿ ಮತ್ತೆ ಏರಿಸಬಹುದು, ಹಳೆಯ ಪ್ರತಿ ಕೊಂಡವರಿಗೆ ಇಮೇಲ್ ಹೋಗಬೇಕು. ಪುಟಗಳ ಸಂಖ್ಯೆ ಬದಲಾದರೆ ಬೆನ್ನಿನ ಅಗಲವೂ ಬದಲಾಗುತ್ತದೆ, ಆಗ ಹೊದಿಕೆಯ ಫೈಲನ್ನೂ ಹೊಸದಾಗಿ ಮಾಡಬೇಕು. ಅಡುಗೆಗಳನ್ನೇ ಗಣನೀಯವಾಗಿ ಸೇರಿಸಿದರೆ ಅದು ಹೊಸ ಆವೃತ್ತಿ, ಅದಕ್ಕೆ ಬೇರೆ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಬೇಕು. ಬರೀ ಅಕ್ಷರದೋಷ ತಿದ್ದಿದರೆ ಹಳೆಯದೇ ನಡೆಯುತ್ತದೆ.